ಹನ್ನೊಂದು ಹಾಕಿಸಲೇಬೇಕಾ?

ಕೇಳುಗರೇ, ನಮಸ್ಕಾರ.

ನನ್ನದು ಒಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾಗದ, ಸಹಕಾರ ಸಂಘದ ವಾರ್ಷಿಕ ವರದಿ, ಇಂಥವನ್ನು ಟೈಪ್ ಮಾಡಿ ಪ್ರಿಂಟ್ ತೆಗೆದು ಕೊಡುತ್ತಾ ಇಪ್ಪತ್ತೈದು ವರ್ಷ ಆಯಿತು. ಕಂಪ್ಯೂಟರ್ ವಿಷಯದಲ್ಲಿ ನಾನೇನೂ ಓದಿದವನಲ್ಲ. ಆದರೂ ಅಂಗಡಿಯಲ್ಲಿ ಎರಡು ಸಿಸ್ಟಂ ಇವೆ ಅಂದಮೇಲೆ ನಮ್ಮ ಬೀದಿಗೆ ನಾನೇ ಡಾಕ್ಟರು. ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಾರೆ, ಈಚೆಗಂತೂ ಎಲ್ಲರದ್ದೂ ಒಂದೇ ಮಾತು: "ಸಾರ್, ಇದಕ್ಕೆ ಹನ್ನೊಂದು ಹಾಕಿಸಲೇಬೇಕಾ?"

ಹನ್ನೊಂದು ಅಂದರೆ ವಿಂಡೋಸ್ 11, ಕಂಪ್ಯೂಟರನ್ನು ನಡೆಸುವ ಮೈಕ್ರೋಸಾಫ್ಟ್ ಕಂಪನಿಯ ಮೂಲ ಸಾಫ್ಟ್‌ವೇರ್. ಅದು ಬಂದಿದ್ದು 2021ರ ಅಕ್ಟೋಬರ್‌ನಲ್ಲಿ, ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗಾಬರಿ ಶುರುವಾಗಿದ್ದು 2025ರ ಅಕ್ಟೋಬರ್ 14ರ ಆಸುಪಾಸಿನಲ್ಲಿ. ಆ ದಿನಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ನಿವೃತ್ತ ಮೇಷ್ಟ್ರೊಬ್ಬರು ಅದರ ಹಿಂದಿನ ದಿನ ಬಂದು, "ನಾಳೆಯಿಂದ ಆನ್ ಆಗೋದೇ ಇಲ್ವಂತಲ್ಲಪ್ಪ, ಫೋಟೋ ಎಲ್ಲ ತೆಗೆದುಕೊಡು" ಅಂದರು. ಹಾಗೇನಿಲ್ಲ. ಮೊದಲಿನ ಹಾಗೇ ಆನ್ ಆಗುತ್ತದೆ, ಫೋಟೋಗಳೂ ಇದ್ದಲ್ಲೇ ಇರುತ್ತವೆ. ನಿಂತಿದ್ದು ತೇಪೆ ಕೆಲಸ. ಸಾಫ್ಟ್‌ವೇರ್‌ನಲ್ಲಿ ತೂತು ಕಂಡಾಗಲೆಲ್ಲ ತಿಂಗಳಿಗೊಮ್ಮೆ ತೇಪೆ ಹಾಕಿ ಕಳಿಸುತ್ತಿದ್ದರು, ಅದನ್ನು ಇನ್ನು ಎಲ್ಲರಿಗೂ ತಾನಾಗಿ ಕಳಿಸುವುದಿಲ್ಲ, ಅಷ್ಟೇ. ಅಷ್ಟೇ ಅಂದೆನಲ್ಲ, ಅದು ಸಣ್ಣ ವಿಷಯ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಹೊಸ ವಿಂಡೋಸ್ ಬಂದಾಗಲೆಲ್ಲ ನಾನು ಕೇಳಿಕೊಳ್ಳುವುದು ಒಂದೇ. ನಿನ್ನೆ ಆಗದೇ ಇದ್ದ ಯಾವ ಕೆಲಸ ಇದನ್ನು ಹಾಕಿದರೆ ಆಗುತ್ತದೆ? ಹಾಗೆ ನೋಡಿದರೆ ನಾನು ಮಾಡಿದ ಅಪ್‌ಗ್ರೇಡ್‌ಗಳಲ್ಲಿ ನಿಜವಾಗಿ ದುಡ್ಡಿಗೆ ಮೋಸ ಮಾಡದೇ ಇದ್ದಿದ್ದು ಎಕ್ಸ್‌ಪಿ. 2001ರಲ್ಲಿ ಬಂತು. ಅದಕ್ಕೆ ಮುಂಚೆ 98 ಇತ್ತಲ್ಲ, ಆ ವಿಂಡೋಸ್‌ಗೆ ಕನ್ನಡ ಅನ್ನುವುದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳೆಲ್ಲ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿ ಕೆಲಸ ನಡೆಸುತ್ತಿದ್ದವು. ಉಪಾಯ ಚೆನ್ನಾಗಿಯೇ ಇತ್ತು, ನಮ್ಮ ಹೊಟ್ಟೆ ತುಂಬಿಸಿದ್ದೂ ಅದೇ. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಫೈಲ್ ತೆಗೆದರೆ "ಶ್ರೀ ಗಣೇಶಾಯ ನಮಃ" ಇರಬೇಕಾದ ಕಡೆ ತಲೆಬುಡ ಇಲ್ಲದ ಇಂಗ್ಲಿಷ್ ಕಸ ಕಾಣುತ್ತಿತ್ತು. ಎಕ್ಸ್‌ಪಿಯಲ್ಲಿ ತುಂಗಾ ಅಂತ ಫಾಂಟ್ ಕೊಟ್ಟರು, ಯುನಿಕೋಡ್ ಕನ್ನಡ, ಅಂದರೆ ಕನ್ನಡದ ಅಕ್ಷರಕ್ಕೆ ಎಲ್ಲ ಕಂಪ್ಯೂಟರಿನಲ್ಲೂ ಅದರದೇ ಗುರುತು. ಅದೂ ಸುಮ್ನೆ ಬರುತ್ತಿರಲಿಲ್ಲ, ಕಂಟ್ರೋಲ್ ಪ್ಯಾನೆಲ್‌ನ ಮೂಲೆಯಲ್ಲಿ ಒಂದು ಕಡೆ ಟಿಕ್ ಹಾಕಿ, ಸಿಡಿ ತುರುಕಿ, ಒಮ್ಮೆ ಆರಿಸಿ ಹಚ್ಚಬೇಕಿತ್ತು. ಆಮೇಲೆ ನಾನು ಮೊದಲು ಮಾಡಿದ್ದೇನು ಗೊತ್ತಾ? ಒಂದು ಫೈಲಿಗೆ ಕನ್ನಡದಲ್ಲೇ "ಅಕ್ಕನ ಮದುವೆ" ಅಂತ ಹೆಸರಿಟ್ಟೆ. ಆ ಫೈಲ್ ಈಗಲೂ ಇದೆ. ಅಕ್ಕನ ಮಗಳ ಮದುವೆ ಕಾರ್ಡೂ ಆಯಿತು.

ಆಮೇಲೆ ಬಂದ ವಿಸ್ಟಾ ನಾನು ಹಾಕಲೇ ಇಲ್ಲ. 7 ಚೆನ್ನಾಗಿತ್ತು. 8ರಲ್ಲಿ ಸ್ಟಾರ್ಟ್ ಬಟನ್ನೇ ತೆಗೆದುಬಿಟ್ಟಿದ್ದರು, ಹೊಸ ಲ್ಯಾಪ್‌ಟಾಪ್ ತಂದವರು ಅಂಗಡಿಗೆ ಬಂದು "ಇದನ್ನ ಎಲ್ಲಿಂದ ಆಫ್ ಮಾಡೋದು" ಅಂತ ಕೇಳುತ್ತಿದ್ದರು. ಹತ್ತರಲ್ಲಿ ಸ್ಟಾರ್ಟ್ ಮೆನು ವಾಪಸ್ ಬಂತು, ಅದಕ್ಕೇ ಜನಕ್ಕೆ ಹತ್ತು ಅಂದರೆ ಅಷ್ಟು ಅಕ್ಕರೆ ಇರಬೇಕು.

ಹನ್ನೊಂದಕ್ಕೂ ಅದೇ ಪ್ರಶ್ನೆ ಕೇಳಿದರೆ ನನ್ನ ಕೆಲಸಕ್ಕೆ ಸಿಗುವ ಉತ್ತರ ಅಂಥ ದೊಡ್ಡದೇನಲ್ಲ. ಸ್ಟಾರ್ಟ್ ನಡುವಿಗೆ ಬಂದಿದೆ. ಮೂಲೆಗಳು ದುಂಡಗಾಗಿವೆ. ಬಲ ಕ್ಲಿಕ್ ಮಾಡಿದರೆ ಬರುವ ಮೆನು ಮೊಟಕಾಗಿದೆ, ಹಳೇದೆಲ್ಲ ಇನ್ನೊಂದು ಕ್ಲಿಕ್ಕಿನ ಹಿಂದೆ ಕೂತಿದೆ, ದಿನಕ್ಕೆ ನೂರು ಸಲ ಬಲ ಕ್ಲಿಕ್ ಮಾಡುವ ನನ್ನಂಥವನಿಗೆ ಇದು ಕಿರಿಕಿರಿ. ಸ್ಪೀಡ್ ಜಾಸ್ತಿ ಆಗುತ್ತೆ ಅಂತ ಆಸೆಯಿಂದ ಹಾಕಿಸುವವರು ಇದ್ದಾರೆ, ಅವರಿಗೆ ನಾನು ಹೇಳುವುದು ಬೇರೆ. ನಿಮ್ಮ ಮಷೀನು ಆನ್ ಆಗಲು ಮೂರು ನಿಮಿಷ ತೆಗೆದುಕೊಳ್ಳುತ್ತದೆ ಅಂದರೆ ತಪ್ಪು ಹೆಚ್ಚಾಗಿ ವಿಂಡೋಸಿನದಲ್ಲ, ಒಳಗೆ ತಿರುಗುವ ಹಳೇ ಹಾರ್ಡ್ ಡಿಸ್ಕಿನದು. ಅದನ್ನು ತೆಗೆದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗ ಇಲ್ಲದ ಡಿಸ್ಕು, ಹಾಕಿಸಿ. ಹತ್ತರಲ್ಲೇ ಇದ್ದರೂ ಹೊಸ ಮಷೀನು ತಂದ ಹಾಗಾಗುತ್ತದೆ.

ಹಾಗಾದರೆ ಬೇಡವಾ? ತಡೀರಿ. ತೇಪೆ ವಿಷಯ ಹೇಳ್ತೀನಿ ಅಂದಿದ್ದೆನಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅಂತ ಒಂದು ಪಿಡುಗು ಬಂತು, ನೆನಪಿರಬಹುದು. ಕಂಪ್ಯೂಟರಿನ ಫೈಲುಗಳಿಗೆಲ್ಲ ಬೀಗ ಜಡಿದು, ಬಿಚ್ಚಬೇಕಾದರೆ ದುಡ್ಡು ಕೊಡಿ ಅನ್ನುತ್ತಿತ್ತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸವೇ ನಿಂತು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದು ಒಳಗೆ ನುಗ್ಗಿದ್ದು ವಿಂಡೋಸಿನ ಒಂದು ತೂತಿನಿಂದ, ಆ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲು, ಮಾರ್ಚ್‌ನಲ್ಲೇ ತೇಪೆ ಬಿಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಬೆಂಬಲ ನಿಂತು ಮೂರು ವರ್ಷ ಆಗಿದ್ದ ಎಕ್ಸ್‌ಪಿಗೂ ಆಗ ತೇಪೆ ಬಿಟ್ಟರು ಅನ್ನುವುದು ಬೇರೆ ಮಾತು, ಪ್ರತಿ ಸಲ ಹಾಗೆ ಕರುಣೆ ತೋರಿಸುತ್ತಾರೆ ಅಂತ ಕೂರುವುದಕ್ಕಾಗುತ್ತದಾ? ನೆಟ್ ಬ್ಯಾಂಕಿಂಗು, ಜಿಎಸ್‌ಟಿ, ಗಿರಾಕಿಗಳ ಆಧಾರ್ ಕಾಪಿ ಇವೆಲ್ಲ ಒಂದೇ ಮಷೀನಿನಲ್ಲಿ ಓಡುತ್ತವೆ ಅಂದರೆ ತೇಪೆ ಬರುವ ವಿಂಡೋಸ್ ಬೇಕು. ಹನ್ನೊಂದು ಹಾಕಿಸಲು ನನಗೆ ಕಾಣುವ ಗಟ್ಟಿ ಕಾರಣ ಇದೊಂದೇ. ಇನ್ನು ಕೆಲವರು ಎಲ್ಲೋ ಸಿಕ್ಕ ಕ್ರ್ಯಾಕ್ ಕಾಪಿ ಹಾಕಿಸಿಕೊಂಡು ಸೇಫ್ಟಿ ಅನ್ನುತ್ತಾರೆ. ಅದು ಮುಂಬಾಗಿಲಿಗೆ ಹೊಸ ಬೀಗ ತಂದು ಹಿತ್ತಿಲ ಕದ ತೆರೆದಿಟ್ಟ ಹಾಗೆ.

ಆದರೆ ಬೇಕು ಅಂದವರಿಗೆಲ್ಲ ಅದು ಸಿಗುವುದಿಲ್ಲ. ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪು ಇರಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯಿಂದ ಈಚಿನ ಪ್ರೊಸೆಸರ್ ಆಗಬೇಕು. ಅಂದರೆ 2018ಕ್ಕೆ ಮುಂಚೆ ಕೊಂಡ ಎಷ್ಟೋ ಮಷೀನು, ಕಲ್ಲುಗುಂಡಿನ ಹಾಗಿದ್ದರೂ, ಹೊರಗೆ. ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಅಂತ ಒಂದು ಪುಕ್ಕಟೆ ಪ್ರೋಗ್ರಾಂ ಇದೆ, ಆಗುತ್ತೋ ಇಲ್ವೋ ಅದೇ ಹೇಳುತ್ತದೆ. ಟಿಪಿಎಂ ಇಲ್ಲ ಅಂದರೆ ಕೂಡಲೇ ಕೈ ಚೆಲ್ಲಬೇಡಿ, ಬಹಳ ಸಲ ಅದು ಇದ್ದೂ ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಮಷೀನಿನ ಸೆಟ್ಟಿಂಗಿನಲ್ಲಿ, ಆಫ್ ಆಗಿರುತ್ತದೆ. ನಿಯಮ ತಪ್ಪಿಸಿ ಹಾಕುವ ದಾರಿಗಳೂ ಇವೆ, ನಮ್ಮ ಹುಡುಗರು ಮಾಡುತ್ತಾರೆ. ಅಂಥ ಮಷೀನಿಗೆ ಮುಂದೆ ಅಪ್‌ಡೇಟ್ ಕೊಡುವ ಖಾತ್ರಿ ಇಲ್ಲ ಅಂತ ಕಂಪನಿಯೇ ಹೇಳಿದೆ. ತೇಪೆಗೋಸ್ಕರ ಹಾಕಿಸಿ ತೇಪೆಯೇ ಬರದಿದ್ದರೆ ಏನು ಬಂತು?

ನನ್ನ ಕಥೆ ಕೇಳಿ. ಮದುವೆ ಸೀಸನ್ನು, ಶನಿವಾರ ರಾತ್ರಿ. ಅಂಗಡಿಯ ಹೊಸ ಸಿಸ್ಟಂನ ಪರದೆ ಮೇಲೆ ಹನ್ನೊಂದು ಸಿದ್ಧವಾಗಿದೆ ಅಂತ ಬಂತು. ನಾನೂ ಒತ್ತಿಬಿಟ್ಟೆ. ಎರಡು ಗಂಟೆ ಆಯಿತು, ಎಲ್ಲ ಸರಿಯಾಗೇ ಬಂತು, ನುಡಿಯ ಹಳೇ ಫಾಂಟುಗಳೂ ಇದ್ದಲ್ಲೇ ಇದ್ದವು. ಖುಷಿಯಾಗಿ ಮಲಗಿದೆ. ಭಾನುವಾರ ಬೆಳಿಗ್ಗೆ ಪ್ರಿಂಟ್ ಕೊಟ್ಟರೆ ಪ್ರಿಂಟರ್ ಕಣ್ಣೇ ಬಿಡುತ್ತಿಲ್ಲ. ಅದು ಹದಿನಾಲ್ಕು ವರ್ಷದ ಹಳೇ ಪ್ರಿಂಟರ್, ಅದನ್ನು ವಿಂಡೋಸ್ ಜತೆ ಮಾತಾಡಿಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಅದರ ಕಂಪನಿಯವರು ಹನ್ನೊಂದಕ್ಕೆ ಮಾಡಿಯೇ ಇರಲಿಲ್ಲ. ಎದುರಿಗೆ ಹೆಣ್ಣಿನ ತಂದೆ ಕೂತಿದ್ದಾರೆ, ಮುನ್ನೂರು ಕಾರ್ಡು, ಮಧ್ಯಾಹ್ನದ ಬಸ್ಸಿಗೆ ಹೋಗಬೇಕು. ಪುಣ್ಯಕ್ಕೆ ಹಿಂದಕ್ಕೆ ಹೋಗುವ ದಾರಿ ಇತ್ತು. ಸೆಟ್ಟಿಂಗ್ಸ್‌ನಲ್ಲಿ ರಿಕವರಿ, ಅದರೊಳಗೆ ಗೋ ಬ್ಯಾಕ್. ಅಪ್‌ಗ್ರೇಡ್ ಆದ ಹತ್ತು ದಿನದೊಳಗೆ ಮಾತ್ರ ಅದು ನಡೆಯುತ್ತದೆ, ಆಮೇಲೆ ಹಳೇದನ್ನು ಅದೇ ಅಳಿಸಿಬಿಡುತ್ತದೆ. ಅವರಿಗೆ ಎರಡು ಸಲ ಕಾಫಿ ತರಿಸಿಕೊಟ್ಟೆ. ಮೂರನೇ ಕಾಫಿ ಬರುವ ಹೊತ್ತಿಗೆ ಮೊದಲ ಕಾರ್ಡು ಹೊರಗೆ ಬಂತು.

ಹಾಗಾಗಿ ಹಾಕಿಸುವವರು ಮೊದಲು ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚಿನ ಯಂತ್ರ ಏನೇನಿದೆ ಎಲ್ಲದಕ್ಕೂ ಡ್ರೈವರ್ ಇದೆಯಾ ನೋಡಿಕೊಳ್ಳಿ. ಫೈಲುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇರಲಿ. ಇನ್ನೊಂದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಹನ್ನೊಂದನ್ನು ಮೈಕ್ರೋಸಾಫ್ಟ್ ಖಾತೆ ಕೊಟ್ಟು ಹೊಸದಾಗಿ ಹಾಕಿಸಿದರೆ ಎಷ್ಟೋ ಮಷೀನಿನಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ. ಕಳ್ಳರು ಕದ್ದರೆ ಒಳ್ಳೆಯದೇ. ಆದರೆ ಅದರ ಕೀಲಿ, ಅಂದರೆ ರಿಕವರಿ ಕೀ, ಇರುವುದು ಆ ಖಾತೆಯಲ್ಲಿ, ಖಾತೆ ಮಾಡಿಕೊಟ್ಟಿದ್ದು ಅಂಗಡಿಯ ಹುಡುಗ, ಪಾಸ್‌ವರ್ಡ್ ಅವನಿಗೂ ನೆನಪಿಲ್ಲ! ಹಾಗಾಗದ ಹಾಗೆ ಆ ಇಮೇಲ್ಲು, ಪಾಸ್‌ವರ್ಡು, ರಿಕವರಿ ಕೀ ಮೂರನ್ನೂ ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ.

ಮಷೀನು ಹಳೇದು, ಹನ್ನೊಂದು ಆಗಲ್ಲ ಅನ್ನುವವರು ಬರೀ ಈ ಕಾರಣಕ್ಕೆ ನಲವತ್ತು ಸಾವಿರ ಸುರಿಯಬೇಡಿ. ಹತ್ತಕ್ಕೇ 2026ರ ಅಕ್ಟೋಬರ್ 13ರವರೆಗೆ ತೇಪೆ ಮುಂದುವರಿಸುವ ಯೋಜನೆ ಇದೆ. 30 ಡಾಲರ್ ಕಟ್ಟಬಹುದು, ಇಲ್ಲವೇ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋಗಿ ಸೆಟ್ಟಿಂಗ್ಸ್‌ನ ಬ್ಯಾಕಪ್ ಆನ್ ಮಾಡಿದರೆ ಪುಕ್ಕಟೆ. ಅದೂ ಬೇಡ ಅಂದರೆ ಲಿನಕ್ಸ್ ಮಿಂಟ್, ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಪುಕ್ಕಟೆ ಸಾಫ್ಟ್‌ವೇರ್. ಟ್ಯಾಲಿ, ಫೋಟೋಶಾಪ್ ಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. ಆ ಮೇಷ್ಟ್ರಿಗೆ ಬೇಕಾಗಿದ್ದು ಪೇಪರ್ ಓದುವುದು, ಅಮೆರಿಕದಲ್ಲಿರುವ ಮೊಮ್ಮಗಳ ಜತೆ ವಿಡಿಯೋದಲ್ಲಿ ಮಾತಾಡುವುದು, ಮತ್ತೆ ಕನ್ನಡ ಟೈಪಿಂಗು. ನುಡಿಯಲ್ಲಿ ಕಲಿತ ಕಗಪ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ. ಹಾಕಿಕೊಟ್ಟೆ. ಮೊದಲ ವಾರ ನಾಲ್ಕು ಸಲ ಫೋನ್ ಮಾಡಿದರು, ಎರಡನೇ ವಾರ ಒಂದು ಸಲ.

ನನ್ನ ಹೊಸ ಸಿಸ್ಟಂಗೆ ಕೊನೆಗೆ ಹನ್ನೊಂದನ್ನೇ ಹಾಕಿದೆ, ಮದುವೆ ಸೀಸನ್ ಮುಗಿದ ಮೇಲೆ. ಬ್ಯಾಂಕು, ಜಿಎಸ್‌ಟಿ ಎಲ್ಲ ಅದರಲ್ಲಿ. ಹಳೇ ಸಿಸ್ಟಂನಲ್ಲಿ ಇನ್ನೂ ಹತ್ತೇ ಇದೆ, ಅದರಲ್ಲಿ ಪುಟ ಜೋಡಿಸುವ ಹಳೇ ಪೇಜ್‌ಮೇಕರ್, ಪಕ್ಕದಲ್ಲಿ ಆ ಹದಿನಾಲ್ಕು ವರ್ಷದ ಪ್ರಿಂಟರ್. ಆ ಸಿಸ್ಟಂನ ನೆಟ್ ವೈರ್ ಕಿತ್ತು ಸುತ್ತಿ ಮೊಳೆಗೆ ನೇತುಹಾಕಿದ್ದೇನೆ.