ಚೀಟಿ ಎತ್ತುವ ಮೊದಲು: ದೇವರ ಚಿತ್ತವನ್ನು ವಿವೇಚಿಸುವುದು

ಮಾನ್ಯ ಸಭಾಪಾಲಕರೇ, ಸಭೆಯ ಹಿರಿಯರೇ, ಬೆಳಗಾವಿಯವರಲ್ಲದೆ ಗುಳೇದಗುಡ್ಡ, ಬಾಗಲಕೋಟೆಗಳಿಂದಲೂ ಬಂದಿರುವ ಯುವಜನರೇ,

ಮದುವೆ, ನೌಕರಿ, ಊರು ಬಿಡುವುದು, ಪೂರ್ಣಾವಧಿ ಸೇವೆಗೆ ಇಳಿಯುವುದು, ಇಂಥ ಕವಲಿಗೆ ಬಂದಾಗ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: ‘ದೇವರ ಚಿತ್ತ ಏನೈತೋ ನೋಡೋಣ.’ ಮಾತು ಒಳ್ಳೆಯದೇ, ಆದರೆ ನೋಡುವ ಬಗೆಯಲ್ಲಿ ನಾವು ಅವಸರ ಮಾಡುತ್ತೇವೆ. ನೋಟ್‌ಬುಕ್ಕಿನ ಹಾಳೆಯನ್ನು ಹರಿದು, ಒಂದು ತುಂಡಿನಲ್ಲಿ ‘ಹೌದು’, ಇನ್ನೊಂದರಲ್ಲಿ ‘ಬೇಡ’ ಎಂದು ಬರೆದು, ಮಡಚಿ ಬೈಬಲ್ಲಿನ ಮೇಲಿಟ್ಟು, ಪ್ರಾರ್ಥನೆ ಮುಗಿದ ಮೇಲೆ ಮನೆಯ ಚಿಕ್ಕ ಮಗುವಿನ ಕೈಯಿಂದ ಎತ್ತಿಸುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಸಿಕ್ಕ ವಾಗ್ದಾನದ ವಾಕ್ಯವನ್ನೇ ನೌಕರಿಯ ಕುರಿತ ಅಪ್ಪಣೆಯೆಂದು ತಿಳಿಯುವವರೂ ಇದ್ದಾರೆ. ಅದರ ಹಿಂದಿರುವ ಭಕ್ತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ದೇವರು ನಮಗೆ ತೋರಿಸಿರುವ ದಾರಿ ಇದಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸಿದ್ದು ಚೀಟಿಯಿಂದಲೇ ಅಲ್ಲವೇ ಎಂದು ಕೇಳುತ್ತಾರೆ. ನಿಜ. ಆದರೆ ಶಿಷ್ಯರು ಯೇಸುವಿನೊಂದಿಗೆ ಮೊದಲಿನಿಂದ ಇದ್ದವರನ್ನು ಗೊತ್ತುಮಾಡಿ, ಯೋಗ್ಯರಾದ ಇಬ್ಬರನ್ನು ನಿಲ್ಲಿಸಿದ ಮೇಲೆಯೇ ಚೀಟಿ ಹಾಕಿದರು. ಅದೂ ಪಂಚಾಶತ್ತಮ ದಿನಕ್ಕೆ ಮೊದಲು. ಪವಿತ್ರಾತ್ಮನು ಇಳಿದುಬಂದ ಮೇಲೆ ಸಭೆಯು ಮತ್ತೊಮ್ಮೆ ಚೀಟಿ ಹಾಕಿದ ಉದಾಹರಣೆ ಅಪೊಸ್ತಲರ ಕೃತ್ಯಗಳಲ್ಲಿ ಒಂದೂ ಇಲ್ಲ. ಅನ್ಯಜನರಿಂದ ಬಂದ ವಿಶ್ವಾಸಿಗಳಿಗೆ ಸುನ್ನತಿ ಬೇಕೇ ಎಂಬ ಕಠಿಣ ಪ್ರಶ್ನೆ ಎದ್ದಾಗ, 15ನೆಯ ಅಧ್ಯಾಯದಲ್ಲಿ ಕಾಣುವಂತೆ, ಯೆರೂಸಲೇಮಿನಲ್ಲಿ ಎಲ್ಲರೂ ಕೂಡಿ ಬಹಳ ವಾದಿಸಿದರು, ಪೇತ್ರನ ಅನುಭವವನ್ನೂ ಬಾರ್ನಬ ಪೌಲರ ಸಾಕ್ಷಿಯನ್ನೂ ಕೇಳಿದರು, ಯಾಕೋಬನು ಪ್ರವಾದಿಗಳ ಮಾತಿನೊಡನೆ ಅದನ್ನು ಹೋಲಿಸಿ ನೋಡಿದನು, ಆಮೇಲೆ ಇದು ಪವಿತ್ರಾತ್ಮನಿಗೂ ನಮಗೂ ಸರಿಯೆನಿಸಿತು ಎಂದು ಪತ್ರ ಬರೆದರು. ಉಣ್ಣೆಯ ಮೇಲೆ ಮಾತ್ರ ಇಬ್ಬನಿ ಬೀಳಲಿ ಎಂದು ದೇವರಿಂದ ಗುರುತು ಬೇಡಿದ ಗಿದ್ಯೋನನ ಪರೀಕ್ಷೆಯೂ ನಮಗೆ ಆಧಾರವಾಗದು. ದೇವರು ಅವನಿಗೆ ಆಗಲೇ ಅಪ್ಪಣೆ ಕೊಟ್ಟಿದ್ದನು. ಸಾಲದಿದ್ದುದು ಗಿದ್ಯೋನನ ಧೈರ್ಯ.

ಇನ್ನೊಂದು ಮಾತನ್ನು ಖಂಡಿತವಾಗಿ ಹೇಳಬೇಕು. ದೇವರ ಚಿತ್ತದ ಬಹುಭಾಗ ಬರಹದಲ್ಲಿಯೇ ಇದೆ. ನೀವು ಪವಿತ್ರರಾಗಿರುವುದೇ ದೇವರ ಚಿತ್ತವೆಂದು ಥೆಸಲೋನಿಕದ ಸಭೆಗೆ ಪೌಲನು ಬರೆದಿದ್ದಾನೆ. ನ್ಯಾಯ, ಕರುಣೆ, ನಮ್ರತೆ ಇವನ್ನೇ ಕರ್ತನು ಕೇಳುತ್ತಾನೆಂದು ಮೀಕನು ಸಾರಿದ್ದಾನೆ. ಹಾಗಿರುವಾಗ ವರದಕ್ಷಿಣೆ ಕೇಳುವ ಸಂಬಂಧದ ಕುರಿತು ಮೂರು ದಿನ ಉಪವಾಸ ಮಾಡಬೇಕಾಗಿಲ್ಲ. ಸುಳ್ಳು ಅನುಭವಪತ್ರ ತೋರಿಸಿ ಸಿಗುವ ವೀಸಾಕ್ಕಾಗಿ ದರ್ಶನ ಬೇಡಬೇಕಾಗಿಲ್ಲ. ಅಲ್ಲಿ ಉತ್ತರ ಮೊದಲೇ ಬಂದಾಗಿದೆ.

ಎರಡೂ ದಾರಿಗಳು ಒಳ್ಳೆಯವೇ ಆಗಿರುವಾಗ ನಿಜವಾದ ವಿವೇಚನೆ ಬೇಕಾಗುತ್ತದೆ. ಈ ವಿಷಯದಲ್ಲಿ, ನಮ್ಮ ಬೆಳಗಾವಿಯ ಸೇಂಟ್ ಪಾಲ್ಸ್ ಶಾಲೆಯನ್ನು ನಡೆಸುವ ಜೆಸ್ವಿಟ್ ಸಂಘದ ಸ್ಥಾಪಕ ಲೊಯೋಲಾದ ಇಗ್ನೇಷಿಯಸ್‌ನಿಂದ ಯಾವ ಪಂಗಡದವರೂ ಕಲಿಯಬಹುದು. 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಗುಂಡು ತಗುಲಿ ಕಾಲು ಮುರಿದು ಹಾಸಿಗೆ ಹಿಡಿದ ಆ ಸೈನಿಕ, ಶೌರ್ಯ ಕೀರ್ತಿಗಳ ಕನಸು ಕಾಣುವಷ್ಟು ಹೊತ್ತು ಹಿತವೆನಿಸಿ ಆಮೇಲೆ ಮನಸ್ಸು ಬರಿದಾಗುವುದನ್ನೂ, ಕ್ರಿಸ್ತನ ಸಂತರಂತೆ ಬಾಳುವ ಯೋಚನೆಯಾದರೋ ಮುಗಿದ ಮೇಲೂ ಸಂತೋಷವನ್ನು ಉಳಿಸುವುದನ್ನೂ ಗಮನಿಸಿದನು. ಮನಸ್ಸು ಕತ್ತಲೆಯಲ್ಲಿರುವಾಗ, ಬೆಳಕಿನಲ್ಲಿದ್ದಾಗ ಮಾಡಿದ ನಿಶ್ಚಯವನ್ನು ಬದಲಿಸಬಾರದೆಂಬ ಅವನ ಬುದ್ಧಿಮಾತು, ಪರೀಕ್ಷೆಯಲ್ಲಿ ಫೇಲಾದ ವಾರವೇ ಓದು ಬಿಡಲು ಹೊರಡುವ ನಮ್ಮ ಹುಡುಗರಿಗೆ ಬಹಳ ಬೇಕಾದದ್ದು.

ಬಾಗಿಲು ಮುಚ್ಚಿದರೆ ದೇವರು ಬೇಡವೆಂದನೆಂದೂ, ತೆರೆದರೆ ಹೌದೆಂದನೆಂದೂ ತೀರ್ಮಾನಿಸುವುದು ಸುಲಭ. ಏಷ್ಯಸೀಮೆಯಲ್ಲಿಯೂ ಬಿಥೂನ್ಯದಲ್ಲಿಯೂ ತಡೆ ಬಂದ ಪೌಲನಿಗೆ ತ್ರೋವದಲ್ಲಿ, ನಮ್ಮಲ್ಲಿಗೆ ಬಾ ಎಂದು ಕರೆಯುವ ಮಕೆದೋನ್ಯದವನ ದರ್ಶನವಾಯಿತು. ದರ್ಶನ ಕಂಡವನು ಅವನೊಬ್ಬನೇ. ನಿಶ್ಚಯ ಮಾಡಿದವರು ಜೊತೆಗಾರರೆಲ್ಲರೂ. ದಾರಿ ಸರಿಯಾಗಿಯೇ ಇತ್ತು, ಆದರೂ ಫಿಲಿಪ್ಪಿಯಲ್ಲಿ ಪೌಲನೂ ಸೀಲನೂ ಏಟು ತಿಂದು ಸೆರೆಮನೆ ಸೇರಿದರು. ಕಷ್ಟ ಬಂದ ಮಾತ್ರಕ್ಕೆ ನಿರ್ಧಾರ ತಪ್ಪಾಗುವುದಿಲ್ಲ.

ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿದ ತಂಗಿಯೊಬ್ಬಳಿಗೆ ಕುವೈತಿನಿಂದ ಕೆಲಸದ ಕರೆ ಬಂದಿದೆ ಎಂದಿಟ್ಟುಕೊಳ್ಳೋಣ. ಮನೆಯಲ್ಲಿ ಲಕ್ವಾ ಹೊಡೆದ ತಂದೆ, ಓದಿಗಾಗಿ ತೆಗೆದ ಸಾಲ. ಹೋಗುವುದೂ ಪಾಪವಲ್ಲ, ಉಳಿಯುವುದೂ ಅವಿಶ್ವಾಸವಲ್ಲ. ಅವಳು ಪ್ರಾರ್ಥಿಸಲಿ, ಏಜೆಂಟನ ಕಾಗದಗಳನ್ನು ತಿಳಿದವರಿಗೆ ತೋರಿಸಲಿ, ಸಾಲದ ಲೆಕ್ಕ ಹಾಕಲಿ, ತಂದೆಯ ಮನಸ್ಸನ್ನು ಕೇಳಲಿ, ಅಲ್ಲಿ ಈಗಾಗಲೇ ದುಡಿಯುತ್ತಿರುವ ಅಕ್ಕಂದಿರೊಡನೆ ಮಾತಾಡಲಿ. ಹಿರಿಯರೇ, ಅವಳು ಸಲಹೆ ಕೇಳಲು ಬಂದಾಗ ‘ಪ್ರಾರ್ಥನೆ ಮಾಡವ್ವಾ’ ಎಂದು ಕಳಿಸಿಬಿಡಬೇಡಿ. ಅವಳು ಹೋದರೆ ವಾರಕ್ಕೊಮ್ಮೆ ಆ ತಂದೆಯನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ಉಳಿದರೆ ಸಾಲದ ಕಂತಿಗೆ ಸಭೆಯಿಂದ ಏನು ಮಾಡಬಹುದು ಎಂಬುದನ್ನು ಅವಳೆದುರಿಗೇ ಕುಳಿತು ಗೊತ್ತುಮಾಡಿರಿ.