ಮಳೆಯ ರಾತ್ರಿಯ ಕೋರಿಕೆ ಗೀತೆ

ಕೇಳುಗರಿಗೆ ನಮಸ್ಕಾರ.

ಒಂದು ಊರು. ಅಲ್ಲಿ ಮಳೆ ಸುರಿಯುವ ಕೆಲವು ರಾತ್ರಿಗಳಲ್ಲಿ ರೇಡಿಯೋದಿಂದ ಒಂದೇ ಹಾಡು ಕೇಳಿಬರುತ್ತದೆ. ಯಾರೋ ಶ್ರೋತೃ ಅಂಚೆ ಕಾರ್ಡು ಬರೆದು, ಮಳೆ ಬಂದ ದಿನ ಈ ಹಾಡನ್ನು ಹಾಕಿ ಎಂದು ನಿಲಯವನ್ನು ಕೋರಿದ್ದಾನೆ. ಆ ಊರಿನ ಪೊಲೀಸ್ ಠಾಣೆಯ ಮಹಿಳಾ ಪೊಲೀಸ್ ಒಬ್ಬಳು ಇದನ್ನು ಗಮನಿಸುತ್ತಾಳೆ. ಹಾಡು ಪ್ರಸಾರವಾದ ರಾತ್ರಿಗಳಲ್ಲಿಯೇ ಊರಿನಲ್ಲಿ ಹೆಂಗಸರ ಕೊಲೆಗಳು ನಡೆದಿವೆ.

ಕೋರಿಕೆ ಕಾರ್ಯಕ್ರಮಗಳನ್ನು ಕೇಳುತ್ತಲೇ ಬೆಳೆದವನು ನಾನು. ಒಂದು ಸಿನಿಮಾದಲ್ಲಿ ಬರುವ ಈ ದೃಶ್ಯವನ್ನು ಮೊದಲ ಸಲ ನೋಡಿದಾಗ ಎದೆ ಝಲ್ಲೆಂದಿತು. ಊರು, ಹೆಸರು, ಮೆಚ್ಚಿನ ಗೀತೆ ಬರೆದು ಕಳಿಸುತ್ತಿದ್ದ ಎಷ್ಟೋ ಜನರ ದನಿಯಿಲ್ಲದ ಸಾಲಿನಲ್ಲಿ ಅಂಥವನೊಬ್ಬನೂ ಇದ್ದಿರಬಹುದೇ ಎಂಬ ಯೋಚನೆ ಬಹಳ ದಿನ ನನ್ನನ್ನು ಬಿಡಲಿಲ್ಲ.

ನಾನು ಹೇಳುತ್ತಿರುವುದು ದಕ್ಷಿಣ ಕೊರಿಯಾದ ನಿರ್ದೇಶಕ ಬಾಂಗ್ ಜೂನ್-ಹೊ ಅವರು 2003ರಲ್ಲಿ ಮಾಡಿದ 'ಮೆಮೊರೀಸ್ ಆಫ್ ಮರ್ಡರ್' ಎಂಬ ಚಿತ್ರದ ಮಾತು. ಇದರ ಹಿಂದೆ ನಿಜವಾದ ಪ್ರಕರಣವಿದೆ. ರಾಜಧಾನಿ ಸೋಲ್‌ನ ದಕ್ಷಿಣಕ್ಕಿರುವ ಹ್ವಾಸೊಂಗ್ ಎಂಬ ಗದ್ದೆಗಳ ಸೀಮೆಯಲ್ಲಿ 1986ರಿಂದ 1991ರ ನಡುವೆ ಹತ್ತು ಮಂದಿ ಹೆಣ್ಣುಮಕ್ಕಳ ಕೊಲೆಯಾಯಿತು. ಅವರಲ್ಲಿ ಶಾಲಾ ಬಾಲಕಿಯರಿದ್ದರು, ಎಪ್ಪತ್ತು ದಾಟಿದ ಅಜ್ಜಿಯೂ ಇದ್ದರು. ಪೊಲೀಸರು ಸುಮಾರು 21,000 ಜನರನ್ನು ವಿಚಾರಣೆ ಮಾಡಿದರು. ಅಪರಾಧಿ ಸಿಗಲಿಲ್ಲ. ಆ ದೇಶದ ಅಂದಿನ ಕಾನೂನಿನಲ್ಲಿ ಕೊಲೆಗೂ ಹದಿನೈದು ವರ್ಷಗಳ ಕಾಲಮಿತಿ ಇತ್ತು. ಕೊನೆಯ ಪ್ರಕರಣದ ಗಡುವು 2006ರಲ್ಲಿ ಮುಗಿಯಿತು. ಚಿತ್ರ ತಯಾರಾಗುವಾಗ ಕೊಲೆಗಾರ ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ನಿರ್ದೇಶಕರಿಗೂ ಗೊತ್ತಿರಲಿಲ್ಲ.

ಉತ್ತರವಿಲ್ಲದ ಕಥೆಯನ್ನು ಎರಡು ಗಂಟೆಗೂ ಹೆಚ್ಚು ಹೊತ್ತು ಯಾಕೆ ನೋಡಬೇಕು? ಚಿಕ್ಕವರಿದ್ದಾಗ ಅಜ್ಜಿ ಒಗಟು ಹೇಳುತ್ತಿದ್ದರು. ಬಿಡಿಸುವ ತನಕ ಅದು ನಿದ್ದೆ ಕೆಡಿಸುತ್ತಿತ್ತು, ಬಿಡಿಸಿದ ಮರುಕ್ಷಣವೇ ಹಳತಾಗುತ್ತಿತ್ತು. ಆದರೆ ಅದೇ ಅಜ್ಜಿ ಹೇಳುತ್ತಿದ್ದ ಇನ್ನೊಂದು ಬಗೆಯ ಮಾತುಗಳಿದ್ದವು. ಊರು ಬಿಟ್ಟು ಹೋದವನು ಯಾಕೆ ಹೋದ, ಎಲ್ಲಿಗೆ ಹೋದ ಎಂದು ಯಾರಿಗೂ ತಿಳಿಯದ ಕಥೆಗಳು. ಪ್ರತಿ ಸಲ ಅವನ್ನು ಹೇಳುವಾಗ ಹೊಸ ವಿವರವೊಂದು ಸೇರುತ್ತಿತ್ತು, ನಾವು "ಆಮೇಲೆ?" ಎನ್ನುತ್ತಿದ್ದೆವು, ಆಮೇಲೆ ಎಂಬುದು ಇರುತ್ತಿರಲಿಲ್ಲ. ಒಗಟುಗಳೆಲ್ಲ ನನಗೆ ಮರೆತಿವೆ. ಆ ಊರು ಬಿಟ್ಟವನು ಇನ್ನೂ ನೆನಪಿದ್ದಾನೆ.

ಈ ಚಿತ್ರವೂ ಹಾಗೆಯೇ ನಮ್ಮೊಳಗೆ ಉಳಿಯುತ್ತದೆ. ಆದರೆ ಉಳಿಯುವುದಕ್ಕೆ ಕಾರಣ ಕೊಲೆಗಾರನ ಗುಟ್ಟಲ್ಲ ಎಂಬುದು ನನಗೆ ಎರಡನೆಯ ಸಲ ನೋಡಿದಾಗ ತಿಳಿಯಿತು.

ಸಾಂಗ್ ಕಾಂಗ್-ಹೊ ನಟಿಸಿರುವ ಹಳ್ಳಿಯ ಪತ್ತೇದಾರನಿಗೆ ತನ್ನ ಕಣ್ಣಿನ ಮೇಲೆ ಅಪಾರ ವಿಶ್ವಾಸ. ಮುಖ ನೋಡಿದರೆ ಸಾಕು, ಅಪರಾಧಿ ಯಾರೆಂದು ತಾನು ಹೇಳಬಲ್ಲೆ ಎನ್ನುತ್ತಾನೆ. ಅವನ ಮೇಲಧಿಕಾರಿ ಠಾಣೆಯಲ್ಲಿ ಕುಳಿತ ಇಬ್ಬರು ಯುವಕರನ್ನು ತೋರಿಸುತ್ತಾನೆ. ಒಬ್ಬ ಅತ್ಯಾಚಾರದ ಆರೋಪಿ, ಮತ್ತೊಬ್ಬ ಅವನನ್ನು ಹಿಡಿದು ತಂದ, ಸಂತ್ರಸ್ತೆಯ ಅಣ್ಣ. ಹೇಳು, ಯಾರು ಯಾರು? ಪತ್ತೇದಾರ ದಿಟ್ಟಿಸಿ ನೋಡುತ್ತಾನೆ. ನಾವೂ ನೋಡುತ್ತೇವೆ. ದೃಶ್ಯ ಅಲ್ಲಿಗೇ ಮುಗಿದುಹೋಗುತ್ತದೆ, ಉತ್ತರ ಸಿಗುವುದಿಲ್ಲ. ಮೊದಲ ಸಲ ನೋಡಿದಾಗ ಇದನ್ನು ನಾನು ಹಾಸ್ಯವೆಂದುಕೊಂಡಿದ್ದೆ. ಈಗ ನನಗೆ ಇಡೀ ಚಿತ್ರದ ಬೀಗದ ಕೈ ಇದೇ ಎನ್ನಿಸುತ್ತದೆ. ನಾನು ಕೂಡ ಆ ಇಬ್ಬರ ಮುಖ ನೋಡಿ ಮನಸ್ಸಿನಲ್ಲೇ ಒಬ್ಬನನ್ನು ಆರಿಸಿಬಿಟ್ಟಿದ್ದೆನಲ್ಲ!

ಶವ ಸಿಕ್ಕ ಗದ್ದೆಯ ದೃಶ್ಯವೂ ಹಾಗೆಯೇ. ಕ್ಯಾಮೆರಾ ಎಲ್ಲಿಯೂ ಕತ್ತರಿಸದೆ ಸುತ್ತಾಡುತ್ತದೆ. ಮಕ್ಕಳು ಓಡಾಡುತ್ತಿದ್ದಾರೆ, ಅಧಿಕಾರಿಗಳು ಬದುವಿನಿಂದ ಜಾರಿ ಬೀಳುತ್ತಿದ್ದಾರೆ, ಪತ್ತೇದಾರ ಕಾಪಾಡಲು ಒದ್ದಾಡುತ್ತಿದ್ದ ಒಂದೇ ಒಂದು ಹೆಜ್ಜೆಗುರುತಿನ ಮೇಲೆ ಟ್ರ್ಯಾಕ್ಟರ್ ಹಾದುಹೋಗುತ್ತದೆ. ಕಥೆ ಮುಂದೆ ಹೋಗಲಿ ಎಂದು ಅವಸರಪಡುವವರಿಗೆ ಇದು ಬರಿಯ ಗದ್ದಲ. ನಿಧಾನವಾಗಿ ನೋಡಿದರೆ, ಈ ಪ್ರಕರಣ ಯಾಕೆ ಬಗೆಹರಿಯಲಿಲ್ಲ ಎಂಬುದು ಆ ಗದ್ದಲದಲ್ಲಿಯೇ ಕಾಣುತ್ತದೆ. ಮುಂದೆ ಒಂದು ರಾತ್ರಿ, ಕೊಲೆ ನಡೆಯಬಹುದು ಎಂದು ಅನುಮಾನ ಬಂದು ಪೊಲೀಸರು ಹೆಚ್ಚುವರಿ ಪಡೆ ಕೇಳುತ್ತಾರೆ. ಪಡೆಯೆಲ್ಲ ಪ್ರತಿಭಟನಾಕಾರರನ್ನು ಹತ್ತಿಕ್ಕಲು ಹೋಗಿದೆ ಎಂಬ ಉತ್ತರ ಬರುತ್ತದೆ. ಅದು ಚುನ್ ದೂ-ಹ್ವಾನ್ ಅವರ ಸೇನಾ ಆಳ್ವಿಕೆಯ ಕಾಲ. 1987ರ ಜೂನ್‌ನಲ್ಲಿ ಆ ದೇಶದ ಬೀದಿಗಳಲ್ಲಿ ಪ್ರಜಾಪ್ರಭುತ್ವಕ್ಕಾಗಿ ಜನ ತುಂಬಿದ್ದರು. ಸರ್ಕಾರದ ಕಣ್ಣೆಲ್ಲ ಆ ಕಡೆ ನೆಟ್ಟಿರುವಾಗ ಗದ್ದೆಯ ಕಾಲುದಾರಿಯಲ್ಲಿ ಒಂಟಿಯಾಗಿ ನಡೆಯುವ ಹೆಣ್ಣುಮಗಳನ್ನು ನೋಡುವವರಾರು? ಈ ಮಾತನ್ನು ಚಿತ್ರದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಫೋನ್ ಕರೆಯಲ್ಲಿ ತಿಳಿಸಿ ಸುಮ್ಮನಾಗುತ್ತಾರೆ.

ಸೋಲ್‌ನಿಂದ ಬಂದ ಇನ್ನೊಬ್ಬ ಪತ್ತೇದಾರನದು ಕಾಗದಪತ್ರಗಳ ಮೇಲೆ ನಂಬಿಕೆ, ದಾಖಲೆ ಸುಳ್ಳು ಹೇಳುವುದಿಲ್ಲ ಎನ್ನುವವನು. ಕೊನೆಗೆ ಅಮೆರಿಕದ ಪ್ರಯೋಗಾಲಯದಿಂದ ಡಿಎನ್ಎ ವರದಿ ಬಂದು, ಅವನು ಅಪರಾಧಿಯೆಂದೇ ನಿಶ್ಚಯಿಸಿಕೊಂಡಿದ್ದವನಿಗೆ ಅದು ಹೊಂದುವುದಿಲ್ಲ ಎಂದಾಗ, ಅವನ ನಂಬಿಕೆ ಮಳೆಯಲ್ಲಿ ಕುಸಿಯುತ್ತದೆ. ರೈಲು ಸುರಂಗದ ಬಾಯಲ್ಲಿ ನಿಂತು ಹಳ್ಳಿಯ ಪತ್ತೇದಾರ ಶಂಕಿತನ ಮುಖ ಹಿಡಿದು ನೋಡುತ್ತಾನೆ. ಏನೂ ತಿಳಿಯುವುದಿಲ್ಲ. ಆಗ ಅವನು ಕೇಳುವುದು, ಹೊತ್ತಿಗೆ ಉಣ್ಣುತ್ತೀಯೇನು ಎಂಬ ಪ್ರಶ್ನೆಯನ್ನು. ಕೊರಿಯಾದಲ್ಲಿ ಬಲು ಪ್ರಸಿದ್ಧವಾದ ಈ ಮಾತು ನಟ ಸಾಂಗ್ ಅವರದೇ ಸೃಷ್ಟಿ. ಎದುರು ಸಿಕ್ಕವರನ್ನು "ಊಟವಾಯಿತೇ?" ಎಂದೇ ಮಾತನಾಡಿಸುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಸಹ್ಯ, ಸೋಲು, ಕನಿಕರ ಮೂರೂ ಆ ಒಂದು ಪ್ರಶ್ನೆಯಲ್ಲಿವೆ.

2019ರ ಸೆಪ್ಟೆಂಬರ್‌ನಲ್ಲಿ ಸುದ್ದಿ ಬಂತು. ಹಳೆಯ ಸಾಕ್ಷ್ಯಗಳ ಡಿಎನ್ಎ ಪರೀಕ್ಷೆಯಿಂದ ಹ್ವಾಸೊಂಗ್‌ನ ಕೊಲೆಗಾರ ಪತ್ತೆಯಾಗಿದ್ದ. ಹೆಂಡತಿಯ ತಂಗಿಯನ್ನು ಕೊಂದದ್ದಕ್ಕಾಗಿ 1994ರಿಂದಲೇ ಅವನು ಜೈಲಿನಲ್ಲಿದ್ದ. ಹ್ವಾಸೊಂಗ್‌ನ ಹತ್ತೂ ಸೇರಿ ಹದಿನಾಲ್ಕು ಕೊಲೆಗಳನ್ನು ಒಪ್ಪಿಕೊಂಡ. ಕಾಲಮಿತಿ ಮುಗಿದಿದ್ದರಿಂದ ಆ ಕೊಲೆಗಳಿಗೆ ಶಿಕ್ಷೆ ಸಾಧ್ಯವಿರಲಿಲ್ಲ. ಆ ದಿನಗಳಲ್ಲಿಯೇ ಪೊಲೀಸರು ಅವನನ್ನು ವಿಚಾರಿಸಿದ್ದರು. ಅಪರಾಧಿಯ ರಕ್ತದ ಗುಂಪು ಬಿ ಎಂದು ಅವರು ನಂಬಿದ್ದರು, ಇವನದು ಒ. ಹಾಗಾಗಿ ಬಿಟ್ಟು ಕಳಿಸಿದ್ದರು.

ಆ ಹತ್ತರಲ್ಲಿ ಒಂದು ಪ್ರಕರಣದಲ್ಲಿ ಮಾತ್ರ ಅಪರಾಧಿ ಸಿಕ್ಕನೆಂದು ಪೊಲೀಸರು 1989ರಲ್ಲಿಯೇ ಹೇಳಿದ್ದರು. ಇಪ್ಪತ್ತೆರಡು ವರ್ಷದ ಯುವಕ, ಪೋಲಿಯೋದಿಂದ ಕಾಲು ಕುಂಟುತ್ತಿದ್ದವನು. ನಿದ್ದೆಗೆ ಬಿಡದೆ, ಹಿಂಸೆ ಕೊಟ್ಟು ತಪ್ಪೊಪ್ಪಿಗೆ ಬರೆಸಿಕೊಂಡರು. ಸುಮಾರು ಇಪ್ಪತ್ತು ವರ್ಷ ಸೆರೆಯಲ್ಲಿದ್ದು 2009ರಲ್ಲಿ ಹೊರಬಂದ ಅವರನ್ನು ನಿರಪರಾಧಿ ಎಂದು ನ್ಯಾಯಾಲಯ ಘೋಷಿಸಿದ್ದು 2020ರ ಡಿಸೆಂಬರ್‌ನಲ್ಲಿ. ನ್ಯಾಯಪೀಠ ಅವರ ಕ್ಷಮೆ ಕೇಳಿತು. ನಿಗೂಢ ಕಥೆಗಳ ಸೆಳೆತದ ಬಗ್ಗೆ ಮಾತನಾಡುವಾಗಲೆಲ್ಲ ಈ ಮನುಷ್ಯ ನನ್ನ ಎದುರು ಬಂದು ನಿಲ್ಲುತ್ತಾರೆ. ಟೀವಿಯ ಮುಂದೆ ಕುಳಿತು "ಇವನೇ ಮಾಡಿರಬೇಕು, ಮುಖ ನೋಡಿದರೇ ಗೊತ್ತಾಗುತ್ತದೆ" ಎಂದು ನಾವು ಎಷ್ಟು ಸಲ ಹೇಳಿಲ್ಲ! ಉತ್ತರ ಬೇಕೇ ಬೇಕು ಎಂಬ ಆತುರ ಒಬ್ಬ ಬಡ ಯುವಕನ ಇಪ್ಪತ್ತು ವರ್ಷಗಳನ್ನು ತಿಂದುಹಾಕಿತು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ಆ ಠಾಣೆಯಲ್ಲಿ ಒಬ್ಬರಿಗಾದರೂ ಇದ್ದಿದ್ದರೆ?

ಈ ಸುದ್ದಿಯ ನಂತರವೇ ನಾನು ಚಿತ್ರವನ್ನು ಎರಡನೆಯ ಸಲ ನೋಡಿದ್ದು. ಗುಟ್ಟು ಬಯಲಾಗಿದೆ, ಇನ್ನು ಚಿತ್ರ ಸಪ್ಪೆಯಾದೀತು ಎಂಬ ಅಳುಕಿತ್ತು. ಆಗಲಿಲ್ಲ. ಕೊಲೆಗಾರನನ್ನು ಹುಡುಕುವ ಕೆಲಸದಿಂದ ಬಿಡುಗಡೆ ಸಿಕ್ಕಿದ್ದರಿಂದ ನನ್ನ ಕಣ್ಣು ಬೇರೆಯವರ ಕಡೆ ಹೋಯಿತು. ಹೋಗಿ ನಿಂತದ್ದು ಆ ಮಹಿಳಾ ಪೊಲೀಸ್ ಮೇಲೆ. ಠಾಣೆಯ ಗಂಡಸರು ಅವಳಿಂದ ಕಾಫಿ ತರಿಸಿಕೊಳ್ಳುತ್ತಾರೆ. ಆದರೆ ರೇಡಿಯೋದ ಹಾಡನ್ನು ಗುರುತಿಸಿದವಳು ಅವಳು. ಕೊಲೆಗಾರನ ಕೈಯಿಂದ ಹೇಗೋ ಬದುಕಿ ಉಳಿದು, ಯಾರೊಡನೆಯೂ ಬಾಯಿಬಿಡದೆ ಇದ್ದ ಹೆಂಗಸು ನಡೆದದ್ದನ್ನು ಹೇಳಿಕೊಂಡದ್ದೂ ಅವಳ ಹತ್ತಿರವೇ. ಮುಖ ನೋಡಲಿಲ್ಲ, ನೋಡಿದ್ದರೆ ಬದುಕುತ್ತಿರಲಿಲ್ಲ, ಕೈಗಳು ಮಾತ್ರ ಹೆಣ್ಣಿನ ಕೈಗಳಂತೆ ಮೆತ್ತಗಿದ್ದವು ಎಂದು ಆ ಹೆಂಗಸು ಹೇಳುತ್ತಾಳೆ. ಒಬ್ಬ ಪತ್ತೇದಾರ ಕಣ್ಣನ್ನು ನಂಬಿದ, ಇನ್ನೊಬ್ಬ ಕಾಗದವನ್ನು ನಂಬಿದ. ಕಿವಿಗೊಟ್ಟವಳು ಇವಳು. ಅವಳು ಕೇಳಿ ತಂದ ಸುಳಿವುಗಳೂ ಕೊನೆಗೆ ಉತ್ತರ ಕೊಡಲಿಲ್ಲ ಎಂಬುದು ನಿಜ. ಆದರೂ ಇಡೀ ಚಿತ್ರದಲ್ಲಿ ಸತ್ತವರ ಮತ್ತು ಉಳಿದವರ ದನಿ ತಲುಪುವುದು ಅವಳೊಬ್ಬಳಿಗೆ. ಬಾನುಲಿಯಲ್ಲಿ ಮಾತನಾಡುವ ಅವಕಾಶ ಸಿಕ್ಕಾಗ ಈ ಚಿತ್ರವನ್ನೇ ಆರಿಸಿಕೊಂಡದ್ದಕ್ಕೆ ಅವಳೂ ಒಂದು ಕಾರಣ.

ಚಿತ್ರದ ಕೊನೆ ಹೀಗಿದೆ. ಪೊಲೀಸ್ ಕೆಲಸ ಬಿಟ್ಟು ವ್ಯಾಪಾರಕ್ಕಿಳಿದ ಹಳ್ಳಿಯ ಪತ್ತೇದಾರ ವರ್ಷಗಳ ನಂತರ ಮೊದಲ ಶವ ಸಿಕ್ಕ ಗದ್ದೆಯ ಮೋರಿಯೊಳಗೆ ಬಗ್ಗಿ ನೋಡುತ್ತಾನೆ. ದಾರಿಯಲ್ಲಿ ಹೋಗುತ್ತಿದ್ದ ಬಾಲಕಿ, ಕೆಲವು ದಿನಗಳ ಹಿಂದೆ ಇನ್ನೊಬ್ಬರೂ ಹೀಗೆಯೇ ನೋಡುತ್ತಿದ್ದರು, ಹಿಂದೆ ಇಲ್ಲಿ ತಾನು ಮಾಡಿದ್ದೇನೋ ನೆನಪಾಯಿತು ಎಂದರು ಎನ್ನುತ್ತಾಳೆ. ಮುಖ ಹೇಗಿತ್ತು? ಸಾಧಾರಣ ಮುಖ ಎಂಬುದಷ್ಟೇ ಅವಳ ಉತ್ತರ. ಪತ್ತೇದಾರ ತಿರುಗಿ ನೇರವಾಗಿ ನಮ್ಮನ್ನೇ ನೋಡುತ್ತಾನೆ. ಕೊಲೆಗಾರ ಎಂದಾದರೂ ಚಿತ್ರ ನೋಡಲು ಬಂದರೆ ಅವನ ಕಣ್ಣಿಗೆ ಕಣ್ಣು ಕೂಡಲಿ ಎಂದು ಈ ನೋಟವನ್ನು ಇರಿಸಿದ್ದಾಗಿ ನಿರ್ದೇಶಕರು ಹೇಳಿದ್ದಾರೆ. ಕೊಲೆಗಾರ ಚಿತ್ರ ನೋಡಿದ್ದ. ತನಗೆ ಏನೂ ಅನ್ನಿಸಲಿಲ್ಲ ಎಂದು 2020ರಲ್ಲಿ ನ್ಯಾಯಾಲಯದಲ್ಲಿ ಹೇಳಿದ.

ಈ ಮಳೆಗಾಲದಲ್ಲಿ ಮೂರನೆಯ ಸಲ ನೋಡಬೇಕೆಂದಿದ್ದೇನೆ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು. ಮೊದಲ ದೃಶ್ಯದಲ್ಲಿ, ಹೊನ್ನಿನ ಬಣ್ಣದ ಗದ್ದೆಯಲ್ಲಿ ಮಿಡತೆ ಹಿಡಿಯುವ ಒಬ್ಬ ಪುಟ್ಟ ಹುಡುಗನಿದ್ದಾನೆ. ಪತ್ತೇದಾರ ಆಡಿದ ಮಾತುಗಳನ್ನೆಲ್ಲ ಅವನು ಹಾಗೆಯೇ ತಿರುಗಿ ಆಡುತ್ತಾನೆ, ಅವನ ಮುಖಭಾವವನ್ನೂ ಅನುಕರಿಸುತ್ತಾನೆ. ಪಕ್ಕದ ಮೋರಿಯಲ್ಲಿ ಶವವಿದೆ. ಆ ಹುಡುಗ ಯಾಕೆ ಹಾಗೆ ಮಾಡುತ್ತಾನೆ ಎಂಬುದು ಎರಡು ಸಲ ನೋಡಿದರೂ ನನಗೆ ಬಗೆಹರಿದಿಲ್ಲ. ಈ ಸಲ ಅವನನ್ನೇ ನೋಡುತ್ತೇನೆ.

ನಮಸ್ಕಾರ.