ಅರ್ಧಕ್ಕೆ ನಿಂತ ಪರದೆ

ಕೇಳುಗರೇ, ನಮಸ್ಕಾರ.

ಎಲ್ಲರೂ ಸಿನಿಮಾ ನೋಡಲು ಕೂತಿದ್ದಾರೆ. ದೀಪ ಆರಿಸಿದ್ದೂ ಆಯಿತು. ಪ್ರೊಜೆಕ್ಟರಿನ ಪರದೆ ಮಾತ್ರ ಅರ್ಧಕ್ಕೆ ಇಳಿದು ನಿಂತುಬಿಟ್ಟಿದೆ. ರಿಮೋಟ್ ಎಷ್ಟು ಒತ್ತಿದರೂ ಅಲುಗಾಡುವುದಿಲ್ಲ.

ನಮ್ಮ ಮನೆಯಲ್ಲಿ ಹೀಗಾದಾಗ ಮೋಟಾರು ಸುಟ್ಟೇಹೋಯಿತು ಅಂದುಕೊಂಡೆ. ಅದಕ್ಕೂ ಮುಂಚೆ ಮಕ್ಕಳು ಪರದೆಯನ್ನು ಏರಿಸಿ ಇಳಿಸಿ ಆಡಿದ್ದರು. ಪರದೆ ಸುತ್ತಿಕೊಳ್ಳುವ ಪೆಟ್ಟಿಗೆಯ ತುದಿ ಮುಟ್ಟಿದರೆ ಬೆಚ್ಚಗಿತ್ತು. ಅರ್ಧ ಗಂಟೆ ಸುಮ್ನೆ ಬಿಟ್ಟೆ. ಆಮೇಲೆ ಒತ್ತಿದರೆ, ಏನೂ ಆಗೇ ಇಲ್ಲ ಅನ್ನುವ ಹಾಗೆ ಸರಾಗವಾಗಿ ಇಳಿಯಿತು!

ಈ ಮೋಟಾರು ಪರದೆ ಸುತ್ತುವ ಕೊಳವೆಯ ಒಳಗೇ ಕೂತಿರುತ್ತದೆ. ಗಾಳಿಯಾಡಲು ಜಾಗವಿಲ್ಲ. ಇಂಥ ಎಷ್ಟೋ ಮೋಟಾರುಗಳು ಒಂದೇ ಸಮನೆ ಓಡುವುದು ಸುಮಾರು 4 ನಿಮಿಷ ಮಾತ್ರ. ಬಿಸಿ ಜಾಸ್ತಿಯಾದರೆ ಒಳಗಿನ ರಕ್ಷಣೆಯ ಸ್ವಿಚ್ ತಾನೇ ಕರೆಂಟು ಕಡಿಯುತ್ತದೆ, ತಣ್ಣಗಾದ ಮೇಲೆ ಮತ್ತೆ ಕೂಡಿಸುತ್ತದೆ. ಹಾಗಾಗಿ ಮೊದಲು ಕಾಯಿರಿ. ಸ್ಕ್ರೂಡ್ರೈವರ್ ಆಮೇಲೆ.

ಕಾದ ಮೇಲೂ ಏಳದಿದ್ದರೆ ಕಿವಿಗೊಟ್ಟು ಕೇಳಿ. ಸದ್ದೇ ಇಲ್ಲವೇ? ಗೋಡೆಯ ಸ್ವಿಚ್ಚಿನಿಂದ ಒತ್ತಿ ನೋಡಿ. ಅದರಿಂದ ಓಡಿದರೆ ತಪ್ಪು ರಿಮೋಟಿನ ಕಡೆಯದು. ಕೆಂಪು ದೀಪ ಹೊಳೆದ ಮಾತ್ರಕ್ಕೆ ಸೆಲ್ ಚೆನ್ನಾಗಿದೆ ಅಂತ ಅಲ್ಲ, ಬದಲಾಯಿಸಿ ನೋಡಿ. ಗುಂಯ್ ಅನ್ನುತ್ತದೆ, ಆದರೆ ತಿರುಗುವುದಿಲ್ಲ ಅಂದರೆ ಮೋಟಾರು ತಿರುಗಲು ನೆರವಾಗುವ ಕೆಪಾಸಿಟರ್ ಅನ್ನುವ ಪುಟ್ಟ ಬಿಡಿಭಾಗ ಸೋತಿರಬಹುದು, ಇಲ್ಲವೇ ಬಟ್ಟೆ ಎಲ್ಲೋ ಸಿಕ್ಕಿಕೊಂಡಿರಬಹುದು. ಕೆಪಾಸಿಟರಿಗೆ ದಯವಿಟ್ಟು ಕೈ ಹಾಕಬೇಡಿ. ಮೇನ್ ಆಫ್ ಮಾಡಿದ ಮೇಲೂ ಅದರಲ್ಲಿ ಕರೆಂಟು ಉಳಿದಿರಬಹುದು.

ಇನ್ನು, ಪರದೆ ಪ್ರತಿ ಸಲವೂ ಒಂದೇ ಜಾಗದಲ್ಲಿ, ಬೇಡದ ಕಡೆ ನಿಲ್ಲುತ್ತದೆ ಅಂದುಕೊಳ್ಳಿ. ಅದು ಕೆಟ್ಟಿದ್ದಲ್ಲ, ಲಿಮಿಟ್, ಅಂದರೆ ಪರದೆ ಎಲ್ಲಿ ನಿಲ್ಲಬೇಕು ಅನ್ನುವ ಮಿತಿ, ಸರಿದಿದ್ದು. ಹಳೇ ಬಗೆಯ ಮೋಟಾರುಗಳಲ್ಲಿ ಪೆಟ್ಟಿಗೆಯ ಒಂದು ತುದಿಗೆ ಎರಡು ಪುಟ್ಟ ಸ್ಕ್ರೂ ಇರುತ್ತವೆ. ಒಂದು ಮೇಲಿನ ಮಿತಿಗೆ, ಇನ್ನೊಂದು ಕೆಳಗಿನದಕ್ಕೆ. ಸ್ಕ್ರೂ ಮೊದಲು ಎಲ್ಲಿತ್ತು ಅಂತ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ಒಂದು ಸಲಕ್ಕೆ ಅರ್ಧ ಸುತ್ತು ಸಾಕು. ತಿರುಗಿಸಿ, ಓಡಿಸಿ ನೋಡಿ, ಮತ್ತೆ ತಿರುಗಿಸಿ. ನಡುನಡುವೆ ಮೋಟಾರಿಗೂ ಬಿಡುವು ಕೊಡಿ.

ಪರದೆ ಇನ್ನೂ ಕೆಳಗೆ ಬರಲಿ ಅಂತ ಆಸೆಯಾಗುತ್ತದೆ, ಅಲ್ವಾ? ಅಲ್ಲೇ ಹುಷಾರಾಗಿರಿ. ಪರದೆ ಪೂರ್ತಿ ಇಳಿದಾಗಲೂ ಕೊಳವೆಯ ಮೇಲೆ ಎರಡು ಮೂರು ಸುತ್ತು ಬಟ್ಟೆ ಉಳಿದಿರಬೇಕು. ಇಲ್ಲದಿದ್ದರೆ ಬಟ್ಟೆಯ ಭಾರವೆಲ್ಲ ಅದನ್ನು ಅಂಟಿಸಿದ ಜಾಗಕ್ಕೇ ಬೀಳುತ್ತದೆ. ಅದಕ್ಕೂ ಮೀರಿದರೆ ಬಟ್ಟೆ ಹಿಂದುಮುಂದಾಗಿ ಸುತ್ತಿಕೊಳ್ಳಲು ಶುರುವಾಗುತ್ತದೆ. ಆಗ ಕೆಳಗಿನ ಗುಂಡಿ ಒತ್ತಿದರೆ ಪರದೆ ಮೇಲೆ ಹೋಗುತ್ತದೆ! ಗಾಬರಿ ಬೇಡ. ಮೇಲಿನ ಗುಂಡಿ ಒತ್ತಿ. ಪರದೆ ಮೊದಲು ಇಳಿದು, ಆಮೇಲೆ ಸರಿಯಾದ ದಿಕ್ಕಿಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಪರದೆ ಇನ್ನೂ ಸ್ವಲ್ಪ ಮೇಲೆಯೇ ನಿಲ್ಲುವ ಹಾಗೆ ಕೆಳಗಿನ ಮಿತಿಯನ್ನು ಹೊಂದಿಸಿ.

ಇಷ್ಟಾದರೂ ಸರಿಹೋಗದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಎಷ್ಟು ಹೊತ್ತು ಓಡಿಸಿದಿರಿ, ಯಾವ ಸದ್ದು ಕೇಳಿಸಿತು ಅನ್ನುವುದನ್ನು ಮೊದಲೇ ಹೇಳಿಬಿಡಿ. ಅವರ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ನಮಸ್ಕಾರ.